ಹೆಜ್ಜೆಯೇ ಅಳತೆಗೋಲು

ತಾನು ಹುಟ್ಟಿ ಬೆಳೆದ ಊರು ತನಗೆ ಚೆನ್ನಾಗಿ ಗೊತ್ತೆಂದು ಪ್ರತಿಯೊಬ್ಬರೂ ನಂಬಿರುತ್ತಾರೆ. ಆದರೆ ಯಾವ ವಿದ್ಯಾರ್ಥಿಯನ್ನಾದರೂ ಕರೆದು “ನಿನ್ನ ಮನೆಯಿಂದ ಬಸ್ಸು ನಿಲ್ದಾಣಕ್ಕೆ ಎಷ್ಟು ದೂರ?” ಎಂದು ಕೇಳಿ ನೋಡಿ. “ಹತ್ತು ನಿಮಿಷ” ಎಂಬ ಉತ್ತರ ಬರುವುದು. ನಿಮಿಷವು ಕಾಲದ ಮಾನವೇ ಹೊರತು ದೂರದ ಮಾನವಲ್ಲ. “ನಿನ್ನ ಬೀದಿ ಯಾವ ದಿಕ್ಕಿಗೆ ಹೋಗುತ್ತದೆ?” ಎಂದು ಕೇಳಿದರೆ ಆತ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವನು. ದಿನವೂ ತುಳಿಯುವ ನೆಲದ ವಿಷಯದಲ್ಲಿ ನಮ್ಮ ಅರಿವು ಇಷ್ಟು ಅಸ್ಪಷ್ಟವಾಗಿರುವುದು ಆಶ್ಚರ್ಯವಲ್ಲವೆ?

ಈ ಕೊರತೆಯನ್ನು ನೀಗಲು ಬೆಲೆಬಾಳುವ ಉಪಕರಣಗಳೇನೂ ಬೇಕಾಗಿಲ್ಲ. ಎರಡು ಕಾಲು, ಒಂದು ಅಳತೆ ಪಟ್ಟಿ, ಒಂದು ಗೂಟ, ಸ್ವಲ್ಪ ಹುರಿ, ಸಣ್ಣದೊಂದು ದಿಕ್ಸೂಚಿ, ಒಂದು ಹಿಡಿ ಹುಣಿಸೆ ಬೀಜ ಮತ್ತು ಬರೆದುಕೊಳ್ಳಲು ಪುಸ್ತಕ, ಇಷ್ಟಿದ್ದರೆ ಸಾಕು. ಇವನ್ನು ಹಿಡಿದುಕೊಂಡು ನಾನೂ ನನ್ನ ಕೆಲವು ವಿದ್ಯಾರ್ಥಿಗಳೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನೂ ಅನಂತರ ಮೊಳಕಾಲ್ಮೂರನ್ನೂ ನಡೆದು ಅಳೆದೆವು. ಆ ನಡಿಗೆಯಲ್ಲಿ ನಾವು ಕಲಿತದ್ದರಲ್ಲಿ ಬಹುಭಾಗ ನಮ್ಮ ತಪ್ಪುಗಳಿಂದಲೇ ಬಂದುದು. ಆದುದರಿಂದ ತಪ್ಪುಗಳನ್ನೂ ಮರೆಮಾಚದೆ ಇಲ್ಲಿ ಹೇಳುತ್ತೇನೆ.

ಹೆಜ್ಜೆಯ ಉದ್ದವನ್ನು ತಿಳಿಯುವುದು

ಹೆಜ್ಜೆಯಿಂದ ದೂರವನ್ನು ಅಳೆಯುವುದು ಬಹಳ ಹಳೆಯ ಪದ್ಧತಿ. ಅಲೆಕ್ಸಾಂಡರನ ಸೈನ್ಯದೊಡನೆ ಹೆಜ್ಜೆ ಎಣಿಸುವುದನ್ನೇ ಕಸುಬಾಗಿ ಉಳ್ಳವರು ಬರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಾವೂನಿನ ಪಂಡಿತ ನೈನ್ ಸಿಂಗನು ಭಾರತೀಯ ಸರ್ವೇಕ್ಷಣ ಇಲಾಖೆಯ ಪರವಾಗಿ ವೇಷ ಮರೆಸಿಕೊಂಡು ಟಿಬೆಟ್ಟಿಗೆ ಹೋದನು. 1865-66ರ ಆ ಪಯಣದಲ್ಲಿ ಅವನ ಕೈಯಲ್ಲಿದ್ದ ಜಪಮಾಲೆಗೆ 108 ಮಣಿಗಳ ಬದಲು 100 ಮಣಿಗಳೇ ಇದ್ದವು. ನೂರು ಹೆಜ್ಜೆಗೆ ಒಂದು ಮಣಿಯನ್ನು ಸರಿಸಿದರೆ ಮಾಲೆ ಒಂದು ಸುತ್ತು ಬರುವಷ್ಟರಲ್ಲಿ 10,000 ಹೆಜ್ಜೆಗಳಾಗುತ್ತಿದ್ದವು. ನಮಗೆ ಜಪಮಾಲೆಯ ಬದಲು ಹುಣಿಸೆ ಬೀಜ. ನೂರು ಹೆಜ್ಜೆಯಾದೊಡನೆ ಒಂದು ಬೀಜವನ್ನು ಎಡ ಜೇಬಿನಿಂದ ಬಲ ಜೇಬಿಗೆ ಹಾಕಿಕೊಳ್ಳುವುದು.

ಎಣಿಸುವ ಮೊದಲು ಹೆಜ್ಜೆಯ ಉದ್ದ ತಿಳಿದಿರಬೇಕು. ಆಟದ ಬಯಲಿನಲ್ಲಿ 100 ಮೀಟರು ದೂರವನ್ನು ಪಟ್ಟಿಯಿಂದ ಅಳೆದು ಎರಡು ಗುರುತುಗಳನ್ನು ಹಾಕಿದೆವು. ಒಬ್ಬಳು ವಿದ್ಯಾರ್ಥಿನಿ ಆ ದೂರವನ್ನು ನಾಲ್ಕು ಸಲ ನಡೆದಳು. ಹೆಜ್ಜೆಗಳ ಸಂಖ್ಯೆ ಕ್ರಮವಾಗಿ 139, 142, 138, 141 ಆಯಿತು. ಸರಾಸರಿ 140. ಆದುದರಿಂದ ಅವಳ ಒಂದು ಹೆಜ್ಜೆ 71.4 ಸೆಂಟಿಮೀಟರು. ನಾಲ್ಕು ಸಲಕ್ಕೂ ಒಂದೇ ಸಂಖ್ಯೆ ಬರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಸರಾಸರಿಯಿಂದ ಎರಡು ಹೆಜ್ಜೆ ಈಚೆ ಆಚೆ ಇದ್ದೇ ಇರುವುದು. ಅಳತೆಗೋಲು ಎಷ್ಟರ ಮಟ್ಟಿಗೆ ನಂಬತಕ್ಕದ್ದೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯ ಪ್ರಯೋಗಕಾರನ ಲಕ್ಷಣ.

“ಮೊಬೈಲ್ ಫೋನೇ ಹೆಜ್ಜೆ ಎಣಿಸುತ್ತದಲ್ಲ ಸಾರ್, ಇಷ್ಟೆಲ್ಲ ಏಕೆ?” ಎಂದು ಒಬ್ಬ ಹುಡುಗ ಕೇಳಿದನು. ಪ್ರಶ್ನೆ ಸರಿಯಾದದ್ದೇ. ಫೋನಿನೊಳಗಿರುವ ಒಂದು ಸೂಕ್ಷ್ಮ ಸಾಧನವು ಪ್ರತಿ ಹೆಜ್ಜೆಯ ಕುಲುಕನ್ನು ಗ್ರಹಿಸಿ ಎಣಿಸುವುದು. ಆ ಎಣಿಕೆಯಿಂದ ದೂರವನ್ನು ಪಡೆಯಬೇಕಾದರೆ ಅದೂ ಹೆಜ್ಜೆಯ ಉದ್ದದಿಂದ ಗುಣಿಸಲೇಬೇಕು. ಆ ಉದ್ದ ತಪ್ಪಿದ್ದರೆ ಫೋನೂ ತಪ್ಪುವುದು. ಉಪಗ್ರಹಗಳ ನೆರವಿನ ನಕ್ಷೆಯನ್ನು ಕೊನೆಗೆ ತೀರ್ಪುಗಾರನಾಗಿ ಇಟ್ಟುಕೊಳ್ಳೋಣ, ಅಲ್ಲಿಯವರೆಗೆ ಫೋನು ಚೀಲದಲ್ಲಿರಲಿ ಎಂದು ತೀರ್ಮಾನಿಸಿದೆವು.

ದಿಕ್ಕನ್ನು ಗೊತ್ತುಪಡಿಸುವುದು

ದೂರವೊಂದೇ ಸಾಲದು, ದಿಕ್ಕೂ ಬೇಕು. ಇದಕ್ಕೆ ನಮ್ಮ ಪೂರ್ವಿಕರ ಶುಲ್ಬಸೂತ್ರಗಳಲ್ಲಿ ಹೇಳಿರುವ ಉಪಾಯವೇ ಸಾಕು. ಸಮತಟ್ಟಾದ ನೆಲದಲ್ಲಿ ಒಂದು ಗೂಟವನ್ನು ನೆಟ್ಟಗೆ ನಿಲ್ಲಿಸಿ, ಅದನ್ನೇ ಕೇಂದ್ರವಾಗಿಟ್ಟು ಹುರಿಯಿಂದ ಒಂದು ವೃತ್ತವನ್ನು ಎಳೆಯಬೇಕು. ಬೆಳಗ್ಗೆ ನೆರಳು ಉದ್ದವಾಗಿರುವುದು, ಹೊತ್ತೇರಿದಂತೆ ಕುಗ್ಗುತ್ತ ವೃತ್ತದ ಅಂಚನ್ನು ಮುಟ್ಟುವುದು. ಆ ಬಿಂದುವನ್ನು ಗುರುತಿಸಬೇಕು. ಮಧ್ಯಾಹ್ನದ ಮೇಲೆ ನೆರಳು ಬೆಳೆಯುತ್ತ ಮತ್ತೊಂದು ಕಡೆ ವೃತ್ತವನ್ನು ಮುಟ್ಟುವುದು. ಅದನ್ನೂ ಗುರುತಿಸಬೇಕು. ಎರಡು ಬಿಂದುಗಳನ್ನು ಸೇರಿಸುವ ಗೆರೆಯೇ ಪೂರ್ವ-ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದ ಗೆರೆ ಉತ್ತರ-ದಕ್ಷಿಣ. ನಮ್ಮ ದಿಕ್ಸೂಚಿಯನ್ನು ಈ ಗೆರೆಗಳ ಮೇಲಿಟ್ಟು ಸರಿನೋಡಿಕೊಂಡೆವು.

ಊರ ಸುತ್ತಣ ನಡಿಗೆ

ಚಳ್ಳಕೆರೆಯ ನೆಹರೂ ವೃತ್ತದಿಂದ ದೊಡ್ಡ ರಸ್ತೆಗಳು ಕವಲೊಡೆಯುತ್ತವೆ. ಉತ್ತರಕ್ಕೆ ಬಳ್ಳಾರಿ, ದಕ್ಷಿಣಕ್ಕೆ ಹಿರಿಯೂರಿನ ಮೇಲೆ ಬೆಂಗಳೂರು, ಪಶ್ಚಿಮಕ್ಕೆ ಚಿತ್ರದುರ್ಗ, ಪೂರ್ವಕ್ಕೆ ಪಾವಗಡ. ಚಳಿಗಾಲದ ಒಂದು ಭಾನುವಾರ ನಾವು ಮೂರು ತಂಡಗಳಾಗಿ ಇಲ್ಲಿಂದ ಹೊರಟೆವು. ಪಾವಗಡ ರಸ್ತೆಯಲ್ಲಿ ಪೂರ್ವಕ್ಕೆ ಹೋಗಿ, ಒಳಬೀದಿಗಳಲ್ಲಿ ಉತ್ತರಕ್ಕೆ ತಿರುಗಿ, ಮತ್ತೆ ಪಶ್ಚಿಮಕ್ಕೆ ನಡೆದು ಬಳ್ಳಾರಿ ರಸ್ತೆಯನ್ನು ಸೇರಿ, ದಕ್ಷಿಣಕ್ಕೆ ಬಂದು ಹೊರಟಲ್ಲಿಗೇ ಮುಟ್ಟುವುದು ನಮ್ಮ ಯೋಜನೆ.

ಹೊಸ ಬಡಾವಣೆಗಳಲ್ಲಿ ಬೀದಿಗಳು ಅಗಲವಾಗಿವೆ. ಮನೆಗಳ ನಡುವೆ ಖಾಲಿ ನಿವೇಶನಗಳು, ಅವುಗಳಲ್ಲಿ ಜಾಲಿ ಗಿಡ. ಇಲ್ಲಿ ಕಾಲು ಯಾವ ಅಡ್ಡಿಯೂ ಇಲ್ಲದೆ ಸಾಗುತ್ತದೆ. ಹಳೆಯ ಊರಿನ ಓಣಿಗಳಲ್ಲಿ ಹಾಗಲ್ಲ. ಜಗುಲಿಯ ಮೇಲೆ ಕುಳಿತ ಹಿರಿಯರು “ಯಾರ ಮನೆ ಹುಡುಕುತ್ತಿದ್ದೀರಪ್ಪಾ?” ಎಂದು ವಿಚಾರಿಸುತ್ತಾರೆ. ಉತ್ತರ ಹೇಳುವಷ್ಟರಲ್ಲಿ ಎಣಿಕೆ ತಪ್ಪುತ್ತದೆ. ಮಾತಾಡಬೇಕಾದಾಗ ನಿಂತು, ಸಂಖ್ಯೆಯನ್ನು ಬರೆದುಕೊಂಡು, ಆಮೇಲೆ ಮಾತಾಡುವುದೆಂಬ ನಿಯಮವನ್ನು ಅಲ್ಲಿಯೇ ಮಾಡಿಕೊಂಡೆವು.

ಶೇಂಗಾ ಎಣ್ಣೆಯ ಮಿಲ್ಲುಗಳಿಂದ ಈ ಊರಿಗೆ ‘ಎಣ್ಣೆ ನಗರಿ’ ಎಂಬ ಹೆಸರು ಬಂದಿದೆ. ಮಿಲ್ಲು ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಮೂಗಿಗೆ ತಾಗುತ್ತದೆ, ಅದೂ ಗಾಳಿ ಅತ್ತಣಿಂದ ಬೀಸುತ್ತಿದ್ದರೆ ಮಾತ್ರ. ಮಿಲ್ಲನ್ನು ದಾಟಿ ಆಚೆ ಬದಿಗೆ ಹೋದರೆ ಕೆಲವೇ ಹೆಜ್ಜೆಗಳಲ್ಲಿ ವಾಸನೆ ನಿಂತುಹೋಗುವುದು. ಅಣುಗಳು ತಾವಾಗಿ ಹರಡುವ ವೇಗ ಬಲು ಕಡಿಮೆ, ಅವನ್ನು ದೂರಕ್ಕೆ ಒಯ್ಯುವುದು ಗಾಳಿಯೇ ಎಂಬುದು ಇದರಿಂದ ವೇದ್ಯ. ಕಂಬಳಿಯ ಅಂಗಡಿಯೊಂದರ ಮುಂದೆ ಮತ್ತೊಂದು ಪಾಠ ದೊರೆಯಿತು. ಚಳ್ಳಕೆರೆಯ ಕರಿಯ ಕಂಬಳಿ ಹೆಸರಾದದ್ದು. ಉಣ್ಣೆ ತಾನಾಗಿ ಶಾಖವನ್ನು ಉಂಟುಮಾಡುವುದಿಲ್ಲ. ಅದರ ಸುರುಳಿ ಎಳೆಗಳ ನಡುವೆ ಸಿಕ್ಕಿ ನಿಂತ ಗಾಳಿಯು ಮೈಯ ಶಾಖವನ್ನು ಹೊರಕ್ಕೆ ಬಿಡದೆ ತಡೆಯುವುದು. ಅಲ್ಲಿ ವಾಸನೆಯನ್ನು ಒಯ್ದದ್ದು ಚಲಿಸುವ ಗಾಳಿ, ಇಲ್ಲಿ ಶಾಖವನ್ನು ಕಾದದ್ದು ಚಲಿಸದ ಗಾಳಿ!

ಹೀಗೆ ನೋಡುತ್ತ, ಎಣಿಸುತ್ತ, ಬರೆಯುತ್ತ ಬಳ್ಳಾರಿ ರಸ್ತೆಗೆ ಬಂದು, ಅಂಗಡಿ ಸಾಲುಗಳ ನಡುವೆ ನೂಕುನುಗ್ಗಲಿನಲ್ಲಿ ಇಳಿದು, ಮಧ್ಯಾಹ್ನದ ಹೊತ್ತಿಗೆ ನೆಹರೂ ವೃತ್ತವನ್ನು ಸೇರಿದೆವು.

ಕೂಡದ ನಕ್ಷೆ

ಮರುದಿನ ಚೌಕುಳಿ ಕಾಗದದ ಮೇಲೆ ನಕ್ಷೆ ಬರೆಯುವ ಕೆಲಸ. ಹೊರಟ ಸ್ಥಳಕ್ಕೇ ಹಿಂದಿರುಗಿದ್ದರಿಂದ ನಕ್ಷೆಯ ಕೊನೆಯ ಬಿಂದು ಮೊದಲನೆಯ ಬಿಂದುವಿನ ಮೇಲೆಯೇ ಬೀಳಬೇಕು. ಒಂದು ತಂಡದ ನಕ್ಷೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ನಾನು ಸಂತೋಷಪಟ್ಟು ಅದನ್ನು ತರಗತಿಯ ಮುಂದೆ ಎತ್ತಿ ತೋರಿಸಿದೆ. ಹಿಂದೆ ಹೇಳಿದ ವಿದ್ಯಾರ್ಥಿನಿಯ ತಂಡದ ನಕ್ಷೆ ಕೂಡಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಅದನ್ನು ಮೇಜಿನ ಮೇಲಿಟ್ಟು ಹೋದಳು.

ಬೀದಿಗಳ ಸಣ್ಣಪುಟ್ಟ ಸೊಟ್ಟುಗಳನ್ನು ಬಿಟ್ಟು, ಅವಳ ಲೆಕ್ಕವನ್ನು ಸರಳಗೊಳಿಸಿ ಕೊಡುತ್ತೇನೆ. ಪೂರ್ವಕ್ಕೆ 1,050 ಹೆಜ್ಜೆ, ಉತ್ತರಕ್ಕೆ 1,400, ಪಶ್ಚಿಮಕ್ಕೆ 1,050, ದಕ್ಷಿಣಕ್ಕೆ 1,535. ಒಟ್ಟು 5,035 ಹೆಜ್ಜೆ, ಎಂದರೆ ಸುಮಾರು 3,600 ಮೀಟರು. ಪೂರ್ವ-ಪಶ್ಚಿಮಗಳು ಸರಿಹೋದವು. ಆದರೆ ಉತ್ತರಕ್ಕೆ ಹೋದದ್ದಕ್ಕಿಂತ ದಕ್ಷಿಣಕ್ಕೆ ಬಂದದ್ದು 135 ಹೆಜ್ಜೆ ಹೆಚ್ಚು. ಕಾಗದದ ಮೇಲೆ ಅವಳು ನೆಹರೂ ವೃತ್ತವನ್ನು ದಾಟಿ ಸುಮಾರು 96 ಮೀಟರು ತೆಂಕಣಕ್ಕೆ ಹೋಗಿ ನಿಂತಿದ್ದಳು!

ಅಂದು ಸಂಜೆ ಎಲ್ಲರ ಟಿಪ್ಪಣಿ ಪುಸ್ತಕಗಳನ್ನೂ ತೆರೆದು ನೋಡಿದೆ. ಕೂಡಿದ ನಕ್ಷೆಯ ತಂಡದವರ ಪುಸ್ತಕದಲ್ಲಿ ಕೊನೆಯ ಸಂಖ್ಯೆಯನ್ನು ಅಳಿಸಿ ಮತ್ತೆ ಬರೆದಿತ್ತು. ವಿಚಾರಿಸಿದಾಗ ಅವರು ಒಪ್ಪಿಕೊಂಡರು. ‘ಹೇಗೂ ಕೂಡಲೇಬೇಕಲ್ಲ’ ಎಂದು ಉತ್ತರದ ಸಂಖ್ಯೆಯನ್ನೇ ದಕ್ಷಿಣಕ್ಕೂ ಬರೆದುಬಿಟ್ಟಿದ್ದರು. ತಪ್ಪು ಅವರದಷ್ಟೇ ಅಲ್ಲ. ಉತ್ತರ ಸರಿಯಾಗಿ ಬಂದರೆ ಸಾಕೆಂದು ವರ್ಷಗಟ್ಟಲೆ ಅಂಕ ಕೊಡುತ್ತ ಬಂದ ನನ್ನಂಥವರದೂ ಹೌದು. ಮರುದಿನ ನನ್ನ ಹೊಗಳಿಕೆಯನ್ನು ತರಗತಿಯ ಮುಂದೆಯೇ ಹಿಂತೆಗೆದುಕೊಂಡೆ. ಕೂಡದ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಇದು ಏಕೆ ಕೂಡಲಿಲ್ಲವೆಂಬುದನ್ನು ಎಲ್ಲರೂ ಸೇರಿ ಹುಡುಕೋಣವೆಂದೆ.

ಇಲ್ಲಿ ದೋಷಗಳಲ್ಲಿ ಎರಡು ಬಗೆಯುಂಟೆಂಬುದನ್ನು ತಿಳಿಯಬೇಕು. ಒಂದು ಹೆಜ್ಜೆ ಮೂರು ಸೆಂ.ಮೀ. ಉದ್ದವಾಗಬಹುದು, ಮುಂದಿನದು ಮೂರು ಸೆಂ.ಮೀ. ಗಿಡ್ಡವಾಗಬಹುದು. ಇದು ಯಾದೃಚ್ಛಿಕ ದೋಷ. ಹೆಚ್ಚು-ಕಡಿಮೆಗಳು ಒಂದನ್ನೊಂದು ಬಹುಮಟ್ಟಿಗೆ ಕಳೆಯುತ್ತವೆ. ಒಟ್ಟು ದೋಷವು ಹೆಜ್ಜೆಗಳ ಸಂಖ್ಯೆಯಂತೆ ಬೆಳೆಯದೆ ಅದರ ವರ್ಗಮೂಲದಂತೆ ಬೆಳೆಯುವುದು. 5,000 ಹೆಜ್ಜೆಗಳಿಗೆ ವರ್ಗಮೂಲ ಸುಮಾರು 71. ಅದನ್ನು ಮೂರರಿಂದ ಗುಣಿಸಿದರೆ 213 ಸೆಂ.ಮೀ. ಮೂರೂವರೆ ಕಿಲೋಮೀಟರು ನಡೆದು ಕೇವಲ ಎರಡು ಮೀಟರು ತಪ್ಪು! ಆದರೆ ಪ್ರತಿಯೊಂದು ಹೆಜ್ಜೆಯೂ ಒಂದೇ ಕಡೆಗೆ, ಒಂದೇ ಒಂದು ಸೆಂ.ಮೀ. ಗಿಡ್ಡವಾಗುತ್ತಿದ್ದರೆ ಅದು ಕ್ರಮಬದ್ಧ ದೋಷ. ಇದರಲ್ಲಿ ಕಳೆಯುವುದೆಂಬುದಿಲ್ಲ. 5,000 ಹೆಜ್ಜೆಗೆ 50 ಮೀಟರು ಏರುಪೇರಾಗುವುದು. 96 ಮೀಟರಿನ ತಪ್ಪು ಯಾದೃಚ್ಛಿಕವಾಗಿರಲಾರದು, ಯಾವುದೋ ಬೀದಿಯಲ್ಲಿ ಹೆಜ್ಜೆ ಒಂದೇ ಸಮನೆ ಗಿಡ್ಡವಾಗಿರಬೇಕು ಎಂದು ವಿದ್ಯಾರ್ಥಿಗಳೇ ಊಹಿಸಿದರು.

ಊಹೆಯನ್ನು ಪರೀಕ್ಷಿಸಲು ಮತ್ತೆ ಬಳ್ಳಾರಿ ರಸ್ತೆಗೆ ಹೋದೆವು. ಬೆಳಗಿನ ಆರು ಗಂಟೆಗೆ, ಅಂಗಡಿಗಳು ತೆರೆಯುವ ಮುನ್ನ ನಡೆದಾಗ ಅವಳ ಹೆಜ್ಜೆ 71 ಸೆಂ.ಮೀ. ಇತ್ತು. ಹನ್ನೊಂದು ಗಂಟೆಗೆ, ತಳ್ಳುಗಾಡಿ, ಆಟೋ, ಬುಟ್ಟಿ ಹೊತ್ತ ಹೆಂಗಸರು, ಇಳಿಸುತ್ತಿದ್ದ ಚೀಲಗಳು ಇವುಗಳ ನಡುವೆ ನಡೆದಾಗ ಅದೇ ಹೆಜ್ಜೆ 62 ಸೆಂ.ಮೀ.ಗೆ ಇಳಿಯಿತು. ಗದ್ದಲದ ಭಾಗದಲ್ಲಿ ಅವಳು ಇಟ್ಟಿದ್ದ ಹೆಜ್ಜೆಗಳು 900. ಪ್ರತಿ ಹೆಜ್ಜೆಗೆ 9.4 ಸೆಂ.ಮೀ.ನಂತೆ ಸುಮಾರು 85 ಮೀಟರು. 96ರಲ್ಲಿ 85 ಕಳೆದರೆ ಉಳಿದದ್ದು 11 ಮೀಟರು, ಒಟ್ಟು ದೂರದ ಮುನ್ನೂರರಲ್ಲಿ ಒಂದು ಭಾಗ. ಉಪಗ್ರಹದ ನಕ್ಷೆಯೂ ಇದನ್ನು ಸಮರ್ಥಿಸಿತು.

ಈಗ ಯೋಚಿಸಿ ನೋಡಿ. ಕೂಡಿದ ನಕ್ಷೆಯಿಂದ ನಮಗೆ ತಿಳಿದದ್ದೇನೂ ಇಲ್ಲ. ಕೂಡದ ನಕ್ಷೆಯಾದರೋ ಊರಿನ ಜೀವನ ಎಲ್ಲಿ ದಟ್ಟವಾಗಿದೆ, ಯಾವ ಹೊತ್ತಿನಲ್ಲಿ ದಟ್ಟವಾಗಿದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿತು. ಆ ತಪ್ಪನ್ನು ಅಳಿಸಿದ್ದರೆ ಆ ಬೀದಿಯನ್ನೇ ಅಳಿಸಿದಂತಾಗುತ್ತಿತ್ತು.

ಇದು ಹುಡುಗರ ಆಟವೆಂದು ಯಾರೂ ಭಾವಿಸಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ಮರುಬಳಕೆ ವಾಹನವೊಂದನ್ನು ಹೆಲಿಕಾಪ್ಟರು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಂಡು ಓಡುದಾರಿಯ ಮೇಲೆ ಇಳಿಯಿತು. ಇಂಥ ವಾಹನವು ತನ್ನ ವೇಗದಲ್ಲಾಗುವ ಬದಲಾವಣೆಗಳನ್ನು ಕ್ಷಣಕ್ಷಣಕ್ಕೂ ಅಳೆದು, ಕೂಡಿಸುತ್ತ, ತಾನೆಲ್ಲಿರುವೆನೆಂದು ಲೆಕ್ಕ ಹಾಕುವುದು. ಒಂದು ರೀತಿಯಲ್ಲಿ ಅದೂ ಹೆಜ್ಜೆಯ ಎಣಿಕೆಯೇ. ಅದರಲ್ಲಿಯೂ ಕ್ರಮಬದ್ಧ ದೋಷ ಬೆಳೆಯುತ್ತ ಹೋಗುವುದರಿಂದ ಉಪಗ್ರಹಗಳ ಮತ್ತು ನೆಲದ ಮೇಲಿನ ಸಾಧನಗಳ ಸಂಕೇತಗಳೊಡನೆ ಆಗಾಗ ತಾಳೆ ನೋಡಬೇಕಾಗುವುದು.

ಏರುದಾರಿಯ ಲೆಕ್ಕ

ಚಳ್ಳಕೆರೆ ಬಹುಮಟ್ಟಿಗೆ ಸಮನೆಲದ ಊರು. ನಮ್ಮ ಅಳತೆಗೋಲು ಏರಿನಲ್ಲಿ ಹೇಗೆ ವರ್ತಿಸುವುದೆಂದು ತಿಳಿಯಲು ಮುಂದಿನ ತಿಂಗಳು ಮೊಳಕಾಲ್ಮೂರಿಗೆ ಹೋದೆವು. ಇಲ್ಲಿ ಬಂಡೆಗಳ ಗುಡ್ಡವು ಊರಿಗೆ ಒತ್ತಿಕೊಂಡೇ ನಿಂತಿದೆ, ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ಏರು ಹತ್ತುವಾಗ ಹೆಜ್ಜೆ ಗಿಡ್ಡವಾಗುವುದೊಂದು ವಿಷಯ. ಅದಲ್ಲದೆ, ನಕ್ಷೆಯು ಭೂಮಿಯನ್ನು ಮೇಲಿನಿಂದ ನೋಡಿದಂತೆ ತೋರಿಸುವುದರಿಂದ ಇಳಿಜಾರಿನ ಉದ್ದವನ್ನು ಹಾಗೆಯೇ ಬರೆಯುವಂತಿಲ್ಲ, ಇಳುಕಲು ಕೋನದ ಕೊಸೈನಿನಿಂದ ಗುಣಿಸಬೇಕು. ಏರಿನಲ್ಲಿ 55 ಸೆಂ.ಮೀ. ಹೆಜ್ಜೆಯಿಂದ 200 ಹೆಜ್ಜೆ ನಡೆದರೆ 110 ಮೀಟರು. ಕೋನ 20 ಡಿಗ್ರಿಯಾದರೆ ನಕ್ಷೆಯ ಮೇಲೆ ಅದು 103 ಮೀಟರು. ಸೈನಿನಿಂದ ಗುಣಿಸಿದರೆ ನಾವು ಏರಿದ ಎತ್ತರವೂ ದೊರೆಯುವುದು, ಸುಮಾರು 38 ಮೀಟರು. ಸಮನೆಲದ ಹೆಜ್ಜೆಯನ್ನೇ ನಂಬಿ ಲೆಕ್ಕ ಹಾಕಿದ್ದರೆ ಇದೇ ದೂರ 143 ಮೀಟರೆಂದು ಬರುತ್ತಿತ್ತು.

ಗುಡ್ಡ ಇಳಿದು ನೇಕಾರರ ಬೀದಿಗೆ ಬಂದೆವು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಮನೆಯೊಂದರಲ್ಲಿ ವೃದ್ಧ ನೇಕಾರರೊಬ್ಬರು ಮಗ್ಗದ ಮುಂದೆ ಕುಳಿತು ಅಂಚಿನ ಎಳೆಗಳನ್ನು ಎಣಿಸುತ್ತಿದ್ದರು. ನಮ್ಮ ಹುಣಿಸೆ ಬೀಜದ ಎಣಿಕೆಯನ್ನು ಕೇಳಿ ನಕ್ಕರು. ಎಣಿಕೆ ತಪ್ಪಿದರೆ ಏನು ಮಾಡುವಿರೆಂದು ವಿದ್ಯಾರ್ಥಿನಿ ಕೇಳಿದಳು. “ತಪ್ಪಿದ ಕಡೆಗೆ ತನಕ ಬಿಚ್ಚಬೇಕು ತಾಯಿ. ಮುಚ್ಚಿ ಮುಂದೆ ನೇಯ್ದರೆ ಸೆರಗಿನಲ್ಲಿ ಕಾಣುತ್ತದೆ” ಎಂದರು. ಅಳಿಸಿ ಬರೆದಿದ್ದ ತಂಡದ ಹುಡುಗರು ನನ್ನ ಮುಖ ನೋಡಿದರು. ನಾನು ಬೇರೇನೂ ಹೇಳಬೇಕಾಗಲಿಲ್ಲ.

ಈ ತಾಲ್ಲೂಕು ನಡೆದವರ ಬೀಡು ಕೂಡ. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆ ಆಜ್ಞೆಯಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದು ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾದಿಯನ್ನು ಎಣಿಸುವವರು ಈ ಬಂಡೆಗಳ ನಡುವೆ ನಮಗಿಂತ ಎರಡು ಸಾವಿರ ವರ್ಷಗಳಿಗೂ ಮೊದಲೇ ಬಂದಿದ್ದರು.

ಎರಡು ಊರುಗಳಿಂದ ಭೂಮಿಗೆ

ಊರನ್ನು ಅಳೆದ ಕೋಲಿನಿಂದ ಭೂಮಿಯನ್ನೂ ಅಳೆಯಬಹುದೆ? ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಎರಟೋಸ್ಥೆನೀಸನು ಹೀಗೆಯೇ ಮಾಡಿದನು. ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಗಳಲ್ಲಿ ಮಧ್ಯಾಹ್ನದ ಸೂರ್ಯನ ಸ್ಥಾನವು ವೃತ್ತದ ಐವತ್ತರಲ್ಲಿ ಒಂದು ಭಾಗದಷ್ಟು ಬೇರೆಯಾಗಿತ್ತು. ಆದುದರಿಂದ ಆ ಊರುಗಳ ನಡುವಣ ದೂರದ ಐವತ್ತರಷ್ಟು ಭೂಮಿಯ ಸುತ್ತಳತೆಯೆಂದು ಅವನು ತರ್ಕಿಸಿದನು.

ಚಳ್ಳಕೆರೆಯ ಅಕ್ಷಾಂಶ ಸುಮಾರು 14 ಡಿಗ್ರಿ 19 ಮಿನಿಟು, ಮೊಳಕಾಲ್ಮೂರಿನದು 14 ಡಿಗ್ರಿ 43 ಮಿನಿಟು. ಅಂತರ 24 ಮಿನಿಟು, ಎಂದರೆ 0.4 ಡಿಗ್ರಿ, ಪೂರ್ಣ ವೃತ್ತದ 900ರಲ್ಲಿ ಒಂದು ಭಾಗ. ಮೊಳಕಾಲ್ಮೂರು ಸುಮಾರು 11 ಕಿ.ಮೀ. ಪೂರ್ವಕ್ಕೂ ಸರಿದಿರುವುದರಿಂದ, ನಮ್ಮ ನಕ್ಷೆಯಲ್ಲಿ ಮಾಡಿದಂತೆ, ಉತ್ತರಕ್ಕೆ ಹೋದ ದೂರವನ್ನಷ್ಟೇ ತೆಗೆದುಕೊಳ್ಳಬೇಕು. ಅದು ಸುಮಾರು 44.5 ಕಿ.ಮೀ. 900ರಿಂದ ಗುಣಿಸಿದರೆ 40,000 ಕಿ.ಮೀ.ಗೆ ಸ್ವಲ್ಪವೇ ಹೆಚ್ಚು. ಭೂಮಿಯ ಸುತ್ತಳತೆ ಇಷ್ಟೇ ಅಲ್ಲವೆ?

ಅಕ್ಷಾಂಶಗಳನ್ನು ಪುಸ್ತಕದಿಂದ ತೆಗೆದುಕೊಂಡರೆ ಲೆಕ್ಕ ಇಷ್ಟು ಚೆನ್ನಾಗಿ ಕೂಡುವುದು. ನೆರಳಿನಿಂದ ಅಳೆಯುವಾಗ ತೊಡಕು ಎದುರಾಗುವುದು. ವಿಷುವದ ದಿನ ಮಧ್ಯಾಹ್ನ ಒಂದು ಮೀಟರು ಕೋಲಿನ ನೆರಳು ಚಳ್ಳಕೆರೆಯಲ್ಲಿ 25.5 ಸೆಂ.ಮೀ., ಮೊಳಕಾಲ್ಮೂರಿನಲ್ಲಿ 26.3 ಸೆಂ.ಮೀ. ಇರುವುದು. ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ ವ್ಯತ್ಯಾಸ 7.4 ಮಿಲಿಮೀಟರು. ಇದರಲ್ಲಿ ಒಂದು ಮಿ.ಮೀ. ತಪ್ಪಿದರೂ ಭೂಮಿಯ ಅಳತೆ 5,000 ಕಿ.ಮೀ.ಗೂ ಹೆಚ್ಚು ಏರುಪೇರಾಗುವುದು! ನಡಿಗೆಯಲ್ಲಿ ನೂರಕ್ಕೆ ಎರಡರಷ್ಟು ತಪ್ಪಿದರೆ ಆಗುವ ವ್ಯತ್ಯಾಸ 800 ಕಿ.ಮೀ. ಮಾತ್ರ. ಇಲ್ಲಿ ದುರ್ಬಲವಾದದ್ದು ಕಾಲಲ್ಲ, ನೆರಳು.

ಎತ್ತರದ ಕೋಲನ್ನು ನಿಲ್ಲಿಸಿದರೆ ಆಯಿತಲ್ಲವೆ ಎನ್ನಬಹುದು. ಅದೂ ಸಾಲದು. ಸೂರ್ಯಬಿಂಬದ ಅಗಲವೇ ಸುಮಾರು ಅರ್ಧ ಡಿಗ್ರಿ, ನಾವು ಅಳೆಯಬೇಕಾದ ಕೋನಕ್ಕಿಂತಲೂ ಹೆಚ್ಚು. ಆದುದರಿಂದ ನೆರಳಿನ ತುದಿ ಮಸುಕಾಗಿರುವುದು, ಕೋಲು ಬೆಳೆದಂತೆ ಮಸುಕೂ ಬೆಳೆಯುವುದು. ಕೋಲಿನ ತುದಿಗೆ ಸಣ್ಣ ರಂಧ್ರವುಳ್ಳ ತಗಡನ್ನು ಕಟ್ಟಿದರೆ ನೆಲದ ಮೇಲೆ ಸೂರ್ಯನ ದುಂಡು ಬಿಂಬ ಬೀಳುವುದು. ಆ ಬಿಂಬದ ಮಧ್ಯವನ್ನು ಗುರುತಿಸುವುದು ಸುಲಭ. ಎರಡು ಮೀಟರು ಕೋಲಾದರೆ ಬಿಂಬ 2 ಸೆಂ.ಮೀ. ಅಗಲವಿರುವುದು, ಎರಡು ಊರುಗಳ ವ್ಯತ್ಯಾಸ 15 ಮಿ.ಮೀ. ದೊರೆಯುವುದು.

ನೀವೇ ಮಾಡಿ ನೋಡಿ

1. ನಿಮ್ಮ ಹೆಜ್ಜೆಯ ಉದ್ದವನ್ನು ಖಾಲಿ ಬಯಲಿನಲ್ಲಿಯೂ ಅಂಗಡಿ ಬೀದಿಯಲ್ಲಿಯೂ ಏರುದಾರಿಯಲ್ಲಿಯೂ ಬೇರೆ ಬೇರೆಯಾಗಿ ಅಳೆಯಿರಿ.

2. ನಿಮ್ಮ ಊರಿನ ಮೂರು ನಾಲ್ಕು ಕೇರಿಗಳನ್ನು ಸುತ್ತಿ ಹೊರಟಲ್ಲಿಗೇ ಬನ್ನಿ. ನಕ್ಷೆ ಎಷ್ಟು ಕೂಡಲಿಲ್ಲವೆಂಬುದನ್ನು ಹೆಜ್ಜೆಗಳಲ್ಲಿ ಬರೆಯಿರಿ. ಅಳಿಸಬೇಡಿ.

3. ನಿಮ್ಮದಕ್ಕಿಂತ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಊರಿನಲ್ಲಿ ಗೆಳೆಯರಿದ್ದರೆ, ಒಂದೇ ದಿನ ಮಧ್ಯಾಹ್ನ ಇಬ್ಬರೂ ರಂಧ್ರದ ತಗಡಿನ ಕೋಲನ್ನು ನಿಲ್ಲಿಸಿ ಅಳೆಯಿರಿ. ಊರುಗಳು ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು.

ಆ ಕೂಡದ ನಕ್ಷೆ ಈಗಲೂ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ನೆಹರೂ ವೃತ್ತಕ್ಕೂ ಗೆರೆಯ ತುದಿಗೂ ನಡುವೆ ಇರುವ ಆ ಖಾಲಿ ಜಾಗದಲ್ಲಿ ಯಾರೋ ಪೆನ್ಸಿಲಿನಿಂದ ‘ಬಳ್ಳಾರಿ ರಸ್ತೆ, ಬೆಳಿಗ್ಗೆ 11 ಗಂಟೆ’ ಎಂದು ಬರೆದಿದ್ದಾರೆ.